ಕಿವಿ ಕಟ್ ಆದ ನಾಯಿಯೇ ಲೋಗೊ ಆದದ್ದು ಹೇಗೆ

ಪ್ರಾಣಿ ರಕ್ಷಣಾ ಕೇಂದ್ರದ ಲೋಗೊ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಒಂದೇ ಚಿತ್ರ. ಒಂದು ಹೃದಯ, ಅದರೊಳಗೆ ನಾಯಿ ಪಂಜದ ಗುರುತು. ಮೈಸೂರಿನ ಹೊರವಲಯದ ಒಂದು ಕೇಂದ್ರಕ್ಕೆ ನಾನು ಲೋಗೊ ಮಾಡಿಕೊಟ್ಟೆ. ಅವರ ಹಳೇ ಬೋರ್ಡಿನಲ್ಲೂ ಅದೇ ಇತ್ತು. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಅದೇ ಗುರುತು ಪೆಟ್ ಶಾಪಿನ ಬೋರ್ಡಿನ ಮೇಲೂ ಇದೆ, ನಾಯಿಗೆ ಸ್ನಾನ ಮಾಡಿಸುವ ಪಾರ್ಲರಿನ ಮೇಲೂ ಇದೆ, ಡಾಗ್ ಫುಡ್ ಚೀಲದ ಮೇಲೂ ಇದೆ. ಹಾಗಾಗಿ ಇವರಿಗೆ ಫೋನ್ ಮಾಡಿ "ಪಾಮೇರಿಯನ್ ಮರಿ ಇದೆಯಾ, ರೇಟ್ ಎಷ್ಟು" ಅಂತ ಕೇಳುವವರು ಜಾಸ್ತಿ. ಲೋಗೊ ಬದಲಾಯಿಸಬೇಕು ಅನ್ನುವ ಯೋಚನೆ ಹುಟ್ಟಿದ್ದೇ ಅಲ್ಲಿಂದ.

ಕೇಂದ್ರದ ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥ ಜಾಗ ಎಲ್ಲಿದೆ ಅಂತ ಗೊತ್ತಾದರೆ ಸಾಕು, ಕೆಲವರು ಬೆಳಗಾಗುವುದರೊಳಗೆ ಗೇಟಿನ ಮುಂದೆ ರಟ್ಟಿನ ಡಬ್ಬದಲ್ಲಿ ಮರಿಗಳನ್ನು ಬಿಟ್ಟು ಹೋಗುತ್ತಾರೆ. ಇರುವ ಜಾಗಕ್ಕಿಂತ ಪ್ರಾಣಿಗಳು ಯಾವಾಗಲೂ ಜಾಸ್ತಿಯೇ ಇರುತ್ತವೆ. ಈ ಕಾರಣಕ್ಕೇ ಹೊಸ ಲೋಗೊ ಜೊತೆಗೆ ವಿಳಾಸ ಹಾಕುವುದು ಬೇಡ, ಸಹಾಯವಾಣಿ ನಂಬರ್ ಮಾತ್ರ ಸಾಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡೆವು.

ಇಂಥ ಕೆಲಸವನ್ನು ಕಂಪ್ಯೂಟರ್ ಮುಂದೆ ಕೂತು ಶುರು ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಂಟರ್‌ನೆಟ್‌ನಲ್ಲಿ ಸಿಗುವ ನಾಯಿ ಚಿತ್ರಗಳೆಲ್ಲ ಲ್ಯಾಬ್ರಡಾರ್, ಪಗ್, ಬೀಗಲ್. ನಮ್ಮ ಕೇಂದ್ರಗಳಲ್ಲಿ ಇರುವುದು ಯಾವುದು? ನಮ್ಮ ನಾಡ ನಾಯಿಗಳು. ಗಿಡ್ಡ ಕೂದಲು, ಚೂಪು ಮೂತಿ, ನಿಮಿರಿದ ಕಿವಿ, ಸುರುಳಿ ಬಾಲ. ಅವನ್ನು ನೋಡದೆ ಅವುಗಳ ಮನೆಗೆ ಗುರುತು ಬರೆಯುವುದು ಹೇಗೆ? ಹಾಗಾಗಿ ಸ್ಕೆಚ್ ಪುಸ್ತಕ ಹಿಡಿದು ಅಲ್ಲಿಗೆ ಹೋಗಿ ಕೂರುವುದೇ ನನ್ನ ಮೊದಲ ಕೆಲಸವಾಯಿತು. ಊಟದ ಹೊತ್ತಿಗೆ ಹೋದರೆ ಒಳ್ಳೆಯದು. ಎಲ್ಲ ಕಿವಿಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ.

ಜೊತೆಗೆ ಅಲ್ಲಿ ಕೆಲಸ ಮಾಡುವವರ ಮಾತು ಕೇಳಬೇಕು. ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆಂಬುಲೆನ್ಸ್ ಓಡಿಸುವ ಹುಡುಗನ ಮಾತು. "ಅಕ್ಕಾ, ಗಾಡಿ ನಿಲ್ಸಿ ಬಲೆ ತೆಗೆದ್ರೆ ಸಾಕು, ಜನ ಸುತ್ಕೋತಾರೆ. ಕಾರ್ಪೊರೇಷನ್ ಗಾಡಿ ಅಂದ್ಕೊಂಡು ಜಗಳಕ್ಕೇ ಬರ್ತಾರೆ. ನಾಯಿ ಒದ್ದಾಡ್ತಾ ಇರತ್ತೆ, ನಾನು ಇಲ್ಲಿ ಉತ್ತರ ಹೇಳ್ತಾ ನಿಂತಿರ್ತೀನಿ" ಅಂದ. ಬೀದಿ ನಾಯಿಗಳಿಗೆ ದಿನಾ ಅನ್ನ ಹಾಕುವವರಿಗೆ ಬಿಳಿ ವ್ಯಾನ್, ಬಲೆ ಕಂಡರೆ ಭಯವಾಗುವುದು ಸಹಜ. ಅಂದರೆ ಈ ಲೋಗೊ ಮುಖ್ಯವಾಗಿ ಕೆಲಸ ಮಾಡಬೇಕಾದದ್ದು ದಾನಿಗಳ ಮುಂದೆ ಅಲ್ಲ, ರಾತ್ರಿ ಹೊತ್ತು, ಬೀದಿ ದೀಪದ ಕೆಳಗೆ, ಗಾಬರಿಯಾದ ಜನರ ಮುಂದೆ. "ಇವರು ತೊಂದರೆ ಕೊಡುವವರಲ್ಲ" ಅಂತ ಅವರಿಗೆ ದೂರದಿಂದಲೇ ಗೊತ್ತಾಗಬೇಕು.

ಆ ಗುರುತು ನಾಯಿಗಳ ಮೈಮೇಲೇ ಇತ್ತು. ಬೀದಿ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ವಾಪಸ್ ಬಿಡುವುದು ಎಬಿಸಿ (ಅನಿಮಲ್ ಬರ್ತ್ ಕಂಟ್ರೋಲ್, ಅಂದರೆ ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಕ್ರಮ. ಈ ನಿಯಮ ಮೊದಲು 2001ರಲ್ಲಿ ಬಂತು, 2023ರಲ್ಲಿ ಹೊಸದಾಗಿ ಬಂತು. ಆಪರೇಷನ್ ಆದ ನಾಯಿಯನ್ನು ದೂರದಿಂದ ಗುರುತಿಸಲಿ ಅಂತ, ಅರಿವಳಿಕೆ ಇಳಿಯುವ ಮುಂಚೆಯೇ ಕಿವಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಮಾಡುತ್ತಾರೆ. ಅನ್ನ ಹಾಕುವವರಿಗೆಲ್ಲ ಇದು ಗೊತ್ತು. "ಕಿವಿ ಕಟ್ ಆಗಿದೆಯಾ ನೋಡಿ" ಅನ್ನುವುದು ಅವರ ದಿನದ ಮಾತು. ಗಾಡಿ ಅಡ್ಡಗಟ್ಟಿ ಪ್ರಶ್ನೆ ಕೇಳುವವರೂ ಅವರೇ ಅಲ್ವಾ? ಅವರ ಕಣ್ಣಿಗೆ ಬಳಕೆಯಾದ ಗುರುತನ್ನೇ ಗಾಡಿಯ ಮೇಲೆ ಹಾಕಿದರೆ ಅರ್ಧ ಮಾತು ಆಡುವುದೇ ತಪ್ಪುತ್ತದೆ.

ಹಾಗಾಗಿ ಲೋಗೊ ಅಂದರೆ ಒಂದು ನಾಯಿಯ ತಲೆ. ಪಕ್ಕದಿಂದ ನೋಡಿದ ಹಾಗೆ, ಒಂದೇ ಬಣ್ಣದಲ್ಲಿ, ಒಳಗೆ ಗೆರೆಗಳಿಲ್ಲದೆ. ನಿಮಿರಿದ ಕಿವಿ, ಕಿವಿಯ ಅಂಚಿನಲ್ಲಿ ವಿ ಆಕಾರದ ಕಚ್ಚು. ಕಣ್ಣು ಬಿಡಿಸಲಿಲ್ಲ. ಕಣ್ಣು ಬಿಡಿಸಿದ ಕೂಡಲೇ ಅದಕ್ಕೊಂದು ಭಾವ ಬರುತ್ತದೆ, ಅದು ಬಹುಪಾಲು ಅಳುಮುಖವೇ ಆಗುತ್ತದೆ. ಗಾಯದ ಫೋಟೊ ಹಾಕಿದರೆ ದುಡ್ಡು ಬರುತ್ತದೆ, ನಿಜ. ಆದರೆ ಕೇಂದ್ರದ ಗುರುತೇ ಕರುಣೆ ಬೇಡುವ ಮುಖವಾಗಿರುವುದು ನನಗೆ ಇಷ್ಟವಿಲ್ಲ. ಈ ನಾಯಿಗಳು ತಮ್ಮ ಬೀದಿಯಲ್ಲಿ ಗಟ್ಟಿಯಾಗಿ ಬದುಕುವಂಥವು. ಅದೇ ಕಾಣಬೇಕು.

ಕಿವಿ ಯಾವ ಕಡೆ ತಿರುಗಿರಬೇಕು ಅನ್ನುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಕಿವಿ ಹಿಂದಕ್ಕೆ ಒತ್ತಿಕೊಂಡರೆ ನಾಯಿ ಹೆದರಿದೆ ಅಂತ ಅರ್ಥ. ಪೂರ್ತಿ ಮುಂದಕ್ಕೆ ಚಾಚಿ, ಕತ್ತು ಬಿಗಿಯಾದರೆ ಕೆರಳಿದೆ ಅಂತ. ಚಿತ್ರದಲ್ಲಿ ಎರಡಕ್ಕೂ ಅಂತರ ತುಂಬಾ ಕಡಿಮೆ, ಗೆರೆ ಸ್ವಲ್ಪ ವಾಲಿದರೂ ಸ್ವಭಾವವೇ ಬದಲಾಗುತ್ತದೆ. ಕಿವಿಯನ್ನು ನೇರ ನಿಲ್ಲಿಸಿ, ತುದಿ ಮಾತ್ರ ಚೂರು ಮುಂದಕ್ಕೆ ಬಾಗಿಸಿ, ಮೂತಿಯನ್ನು ತುಸು ಎತ್ತಿದೆ. ಕೇಂದ್ರದ ಪಶುವೈದ್ಯರಿಗೆ ಏನೂ ಹೇಳದೆ ತೋರಿಸಿ, "ಈ ನಾಯಿ ಏನು ಮಾಡ್ತಿದೆ ಡಾಕ್ಟ್ರೇ?" ಅಂತ ಕೇಳಿದೆ. "ಯಾರೋ ಗೊತ್ತಿರೋರು ಬರ್ತಿದಾರೆ, ನೋಡ್ತಿದೆ" ಅಂದರು. ನನಗೆ ಬೇಕಾಗಿದ್ದದ್ದು ಅದೇ.

ಕೇಂದ್ರ ನಡೆಸುವ ಮೇಡಂಗೆ ಚಿತ್ರ ಹಿಡಿಸಿತು. ಆದರೆ ಒಂದು ಪ್ರಶ್ನೆ ಇತ್ತು. "ನಮ್ಮಲ್ಲಿ ಬೆಕ್ಕಿದೆ, ಹಸು ಇದೆ, ಕತ್ತೆ ಇದೆ, ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದುಗಳೂ ಬರ್ತವೆ. ನಾಯಿ ಒಂದೇ ಆದ್ರೆ ಹೇಗಮ್ಮ?" ನ್ಯಾಯವಾದ ಪ್ರಶ್ನೆ. ಅವರ ಸಮಾಧಾನಕ್ಕೆ ನಾಯಿ, ಬೆಕ್ಕು, ಹಸು, ಹಕ್ಕಿ ನಾಲ್ಕನ್ನೂ ಒಂದು ವೃತ್ತದಲ್ಲಿ ಸೇರಿಸಿ ಬಿಡಿಸಿದೆ. ದೊಡ್ಡದಾಗಿ ನೋಡಿದಾಗ ಚಂದ. ಅದನ್ನೇ ಅವರ ಫೋನಿನಲ್ಲಿ ವಾಟ್ಸಾಪ್ ಡಿಪಿಗೆ ಹಾಕಿ ಕೊಟ್ಟೆ. ಹುಣಸೆ ಉಂಡೆ ಥರ ಕಂಡಿತು. ಮತ್ತೊಂದು ವಿಷಯವೂ ಇದೆ. ಕಾಡುಪ್ರಾಣಿ, ಹಕ್ಕಿಗಳ ವಿಚಾರಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅಂಥವು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು, ಸುಮ್ನೆ ಇಟ್ಟುಕೊಳ್ಳುವಂತಿಲ್ಲ. ಬೋರ್ಡಿನ ಮೇಲೆ ನವಿಲು, ಕೋತಿ ಬರೆದರೆ ಜನ ಅವನ್ನೂ ಇಲ್ಲಿಗೇ ತಂದು ಬಿಡುತ್ತಾರೆ.

ಆಗ ಮೇಡಂಗೆ, ವನ್ಯಜೀವಿಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್‌ನ ಪಾಂಡಾ ಲೋಗೊ ತೋರಿಸಿದೆ. 1961ರಲ್ಲಿ ಆ ಸಂಸ್ಥೆ ಶುರುವಾದಾಗ ಲಂಡನ್ ಮೃಗಾಲಯದಲ್ಲಿ ಚಿ-ಚಿ ಅನ್ನುವ ಪಾಂಡಾ ಇತ್ತು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಸಂಸ್ಥೆಯ ಸ್ಥಾಪಕರಲ್ಲೊಬ್ಬರಾದ ಪೀಟರ್ ಸ್ಕಾಟ್ ಗುರುತು ಬರೆದರು. ಸಂಸ್ಥೆ ಕಾಪಾಡುವುದು ಪಾಂಡಾ ಒಂದನ್ನೇ ಅಲ್ಲ, ಆದರೂ ಅದರ ಗುರುತು ಒಂದೇ ಪ್ರಾಣಿ. ಕಪ್ಪು ಬಿಳುಪಿನಲ್ಲೇ ಚೆನ್ನಾಗಿ ಬರುವುದರಿಂದ ಅಚ್ಚಿನ ಖರ್ಚು ಉಳಿಯುತ್ತದೆ ಅನ್ನುವ ಲೆಕ್ಕವೂ ಅದರಲ್ಲಿತ್ತು. ನೂರು ರೂಪಾಯಿ ಉಳಿದರೂ ಒಂದು ಡೋಸ್ ಔಷಧಿ ಅನ್ನುವ ಮೇಡಂಗೆ ಈ ಮಾತು ತಕ್ಷಣ ಹಿಡಿಸಿತು.

ಇನ್ನೊಬ್ಬ ಟ್ರಸ್ಟಿ ಆಂಬುಲೆನ್ಸ್ ಅಂದ ಮೇಲೆ ಕೆಂಪು ಪ್ಲಸ್ ಇರಲಿ ಅಂದರು. ಅದನ್ನು ಹಾಕುವಂತಿಲ್ಲ. ಬಿಳಿಯ ಮೇಲೆ ಕೆಂಪು ಪ್ಲಸ್ ರೆಡ್ ಕ್ರಾಸ್ ಲಾಂಛನ, ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಅದರ ಬಳಕೆಗೆ ಕಡಿವಾಣ ಹಾಕಿದೆ. ಕ್ಲಿನಿಕ್ಕುಗಳ ಮೇಲೆ ಅದು ಕಾಣುತ್ತದೆ ಅಂದ ಮಾತ್ರಕ್ಕೆ ಸರಿಯಲ್ಲ. ನೀಲಿ ಆಗಬಹುದಾ ಅಂದರೆ, ಚೆನ್ನೈಯಲ್ಲಿ 1959ರಿಂದ ಬ್ಲೂ ಕ್ರಾಸ್ ಆಫ್ ಇಂಡಿಯಾ ಪ್ರಾಣಿಗಳಿಗಾಗಿಯೇ ಕೆಲಸ ಮಾಡುತ್ತಿದೆ. ಅವರ ಜೊತೆ ಗೊಂದಲ ಆಗುವುದು ಬೇಡ. ಹಾಗಾಗಿ ಪ್ಲಸ್ ಬೇಡವೇ ಬೇಡ ಅಂತಾಯಿತು.

ಅಕ್ಷರದ ಕೆಲಸ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು. ಕನ್ನಡ ದೊಡ್ಡದಾಗಿ ಮೇಲೆ, ಇಂಗ್ಲಿಷ್ ಚಿಕ್ಕದಾಗಿ ಕೆಳಗೆ. ಕನ್ನಡದ ಕೊನೆಯ ಸಾಲು 'ಪ್ರಾಣಿ ರಕ್ಷಣೆ'. ಇದರಲ್ಲಿ ಪ್ರಾ ಮತ್ತು ಕ್ಷ ಎರಡಕ್ಕೂ ಒತ್ತು ಇದೆ, ಅವು ಕೆಳಗೆ ಜೋತು ಬೀಳುತ್ತವೆ. ಇಂಗ್ಲಿಷ್ ಸಾಲನ್ನು ಹತ್ತಿರ ತಂದರೆ ಒತ್ತಿಗೆ ತಾಗುತ್ತದೆ, ದೂರ ಇಟ್ಟರೆ ಎರಡೂ ಬೇರೆ ಬೇರೆ ಕಾಣುತ್ತವೆ. ಒತ್ತುಗಳ ನಡುವೆ ಸಿಗುವ ಖಾಲಿ ಜಾಗದಲ್ಲೇ ಇಂಗ್ಲಿಷ್ ಸಾಲು ಕೂರುವ ಹಾಗೆ ಹೊಂದಿಸಿದೆ. ಫಾಂಟಿಗೆ ಅನೇಕ್ ಕನ್ನಡ ತೆಗೆದುಕೊಂಡೆ. ಅದರಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಬದಲಾಯಿಸಬಹುದು, ಮುಕ್ತ ಪರವಾನಗಿ ಇರುವುದರಿಂದ ಲೋಗೊಗೆ ಬಳಸಲು ಅಡ್ಡಿಯಿಲ್ಲ. 'ಬಲೂ ತಮ್ಮ' ಅನ್ನುವ ಫಾಂಟನ್ನೂ ನೋಡಿದ್ದೆ. ಅದರ ದುಂಡು ರೂಪ ಮುದ್ದಾಗಿದೆ, ಆದರೆ ನನ್ನ ನಾಯಿಯ ಚೂಪು ಕಿವಿಗೆ ಹೊಂದಲಿಲ್ಲ.

ಆಮೇಲೆ ರ ಮತ್ತು ಕ್ಷ ಮೇಲಿನ ತಲೆಕಟ್ಟನ್ನು ಗಮನಿಸಿ. ಅದೂ ಒಂದು ಕೋನವೇ. ಆ ಕೋನವನ್ನು ಕೊಂಚ ತಿದ್ದಿ ಕಿವಿಯ ಕಚ್ಚಿನ ಕೋನಕ್ಕೆ ಸರಿಹೊಂದಿಸಿದೆ. ಯಾರೂ ಬೆರಳಿಟ್ಟು ತೋರಿಸುವುದಿಲ್ಲ. ಆದರೆ ಚಿತ್ರ, ಅಕ್ಷರ ಎರಡೂ ಒಂದೇ ಕೈಯಿಂದ ಬಂದ ಹಾಗೆ ಕಾಣುವುದು ಇದರಿಂದಲೇ.

ಪರದೆಯ ಮೇಲೆ ಚಂದ ಕಂಡರೆ ಕೆಲಸ ಮುಗಿಯಲಿಲ್ಲ. ಇಂಥ ಕೇಂದ್ರದ ಲೋಗೊ ಹೋಗುವುದು ರಬ್ಬರ್ ಸೀಲಿಗೆ, ರಸೀದಿ ಪುಸ್ತಕಕ್ಕೆ, ಗಾಡಿಯ ರೇಡಿಯಂ ಸ್ಟಿಕ್ಕರಿಗೆ, ಫ್ಲೆಕ್ಸಿಗೆ, ಕತ್ತಿನ ಪಟ್ಟಿಗೆ. ಅದಕ್ಕೇ ಕೊನೆಯ ರೂಪ ಕೊಡುವ ಮುಂಚೆ ಸೀಲ್ ಮಾಡಿಸಿ ಒತ್ತಿ ನೋಡಿದೆ. ಸೀಲಿನಲ್ಲಿ ಶಾಯಿ ಹರಡುತ್ತದೆ, ಸಣ್ಣ ಸಂದುಗಳೆಲ್ಲ ತುಂಬಿಕೊಳ್ಳುತ್ತವೆ. ಕಿವಿಯ ಕಚ್ಚು ಮುಚ್ಚಿಹೋದರೆ ಈ ಲೋಗೊದಲ್ಲಿ ಉಳಿಯುವುದೇನು? ನಿಜವಾದ ನಾಯಿಯ ಕಿವಿಯಲ್ಲಿ ಇರುವುದಕ್ಕಿಂತ ಕಚ್ಚನ್ನು ತುಂಬಾ ಅಗಲ ಮಾಡಿದ್ದು ಅದಕ್ಕೇ. ಫೋನಿನಲ್ಲಿ ಉಗುರಿನಷ್ಟು ಚಿಕ್ಕದಾದರೂ ಅದು ಕಾಣಬೇಕು.

ರೇಡಿಯಂ ಕಟಿಂಗ್ ಅಂಗಡಿಯವರು ಇನ್ನೊಂದು ಪಾಠ ಹೇಳಿದರು. ಚೂಪಾದ ಮೂಲೆಗಳೇ ಮೊದಲು ಏಳುವುದು. ಕೇಂದ್ರದ ಗಾಡಿಯನ್ನು ದಿನಾ ಫಿನಾಯಿಲ್ ಹಾಕಿ ತೊಳೆಯುತ್ತಾರೆ, ಬಟ್ಟೆ ತಾಗಿ ತಾಗಿ ತುದಿ ಕಿತ್ತು ಬರುತ್ತದೆ. ಕಿವಿ ತುದಿ, ಮೂತಿ ತುದಿ, ತಲೆಕಟ್ಟಿನ ತುದಿ ಎಲ್ಲವನ್ನೂ ಕಣ್ಣಿಗೆ ಗೊತ್ತಾಗದಷ್ಟು ದುಂಡಗೆ ಮಾಡಿದೆ. ಗಾಡಿಯ ಮೇಲೆ ಕಡುನೀಲಿ ಪಟ್ಟಿ, ಅದರ ಮೇಲೆ ಹಳದಿ ರೇಡಿಯಂನಲ್ಲಿ ನಾಯಿ. ಎದುರಿನ ಗಾಡಿಯ ಬೆಳಕು ಬಿದ್ದರೆ ನಾಯಿ ಮಾತ್ರ ಹೊಳೆಯುತ್ತದೆ. ಕೆಳಗೆ "ಚಿಕಿತ್ಸೆ ಮಾಡಿ ಇಲ್ಲಿಗೇ ತಂದು ಬಿಡುತ್ತೇವೆ" ಅಂತ ದಪ್ಪ ಅಕ್ಷರದಲ್ಲಿ ಬರೆಸಿದೆವು. ಆ ಸಾಲು ಹೇಳಿಕೊಟ್ಟದ್ದು ಡ್ರೈವರ್ ಹುಡುಗನೇ. ಜಗಳ ಪೂರ್ತಿ ನಿಂತಿಲ್ಲ, ಆದರೆ ಈಗ ಜನ ಮೊದಲು ಓದುತ್ತಾರೆ, ಆಮೇಲೆ ಕೇಳುತ್ತಾರೆ ಅಂತ ಅವನು ಹೇಳುತ್ತಾನೆ.

ಫೈಲ್ ಕೊಡುವ ವಿಚಾರ ಈ ಥರ ಕೆಲಸ ಮಾಡುವವರಿಗೆ ಹೇಳಲೇಬೇಕು. ನಮ್ಮ ಊರುಗಳ ಪ್ರೆಸ್ಸಿನಲ್ಲಿ ಇವತ್ತಿಗೂ ಹಳೇ ಕೋರೆಲ್‌ಡ್ರಾ, ನುಡಿ ಫಾಂಟು ನಡೆಯುತ್ತವೆ. ಫೋನು, ಇಂಟರ್‌ನೆಟ್‌ನಲ್ಲಿ ಬಳಸುವ ಯೂನಿಕೋಡ್ ಕನ್ನಡ ಅಲ್ಲಿ ತೆರೆದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದು ಕೂರುತ್ತವೆ. ಇಲಸ್ಟ್ರೇಟರ್‌ನಲ್ಲಿ ಕೂಡ ದಕ್ಷಿಣ ಏಷ್ಯಾ ಭಾಷೆಗಳ ಕಂಪೋಸರ್ ಆನ್ ಮಾಡದಿದ್ದರೆ ಇದೇ ಪಾಡು. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆ ಇಲ್ಲ, ಅದು ಉಚಿತ ಕೂಡ. ಏನೇ ಬಳಸಿ, ಕೊಡುವಾಗ ಅಕ್ಷರಗಳನ್ನೆಲ್ಲ ಕರ್ವ್ಸ್ ಮಾಡಿಯೇ, ಅಂದರೆ ಚಿತ್ರದ ಗೆರೆಗಳಾಗಿ ಬದಲಾಯಿಸಿಯೇ ಕೊಡಿ. ಫೈಲುಗಳಿಗೆ ಹೆಸರು ಇಡುವಾಗಲೂ 'ಗಾಡಿಗೆ', 'ಸೀಲಿಗೆ', 'ವಾಟ್ಸಾಪಿಗೆ' ಅಂತ ಇಟ್ಟೆ. ರಾತ್ರಿ ಪಾಳಿಯ ಸ್ವಯಂಸೇವಕರಿಗೆ ಯಾವ ಫೈಲ್ ಯಾವುದಕ್ಕೆ ಅಂತ ನನ್ನನ್ನು ಕೇಳುವ ಅಗತ್ಯ ಬರಬಾರದು.

ದುಡ್ಡು ತೆಗೆದುಕೊಳ್ಳಲಿಲ್ಲ. ಆದರೆ ಒಂದು ಪುಟದ ಕರಾರು ಬರೆದುಕೊಂಡೆ. ಯಾರು ಒಪ್ಪಿಗೆ ಕೊಡಬೇಕು, ಎಷ್ಟು ಸಲ ತಿದ್ದಬಹುದು, ಯಾವಾಗ ಮುಗಿಸುತ್ತೇನೆ, ಇಷ್ಟೇ. ಪುಕ್ಕಟೆ ಕೆಲಸಕ್ಕೆ ಇದು ಇನ್ನೂ ಮುಖ್ಯ. ಇಲ್ಲದಿದ್ದರೆ ಟ್ರಸ್ಟಿಗಳ ವಾಟ್ಸಾಪ್ ಗುಂಪಿನಲ್ಲಿ ಚರ್ಚೆ ಬೆಳೆಯುತ್ತಲೇ ಹೋಗುತ್ತದೆ, ಪ್ರಾಣಿಗಳ ಕೆಲಸ ಬಿಟ್ಟು ಎಲ್ಲರೂ ಬಣ್ಣದ ಬಗ್ಗೆ ಮಾತಾಡುತ್ತಾರೆ.

ಈಗ ದತ್ತು ಪತ್ರದ ವಿನ್ಯಾಸ ನಡೆಯುತ್ತಿದೆ. ಮರಿ ಕರೆದುಕೊಂಡು ಹೋಗುವವರಿಗೆ ಕೊಡುವ ಪತ್ರ ಅದು. ಅದರಲ್ಲಿ ಲೋಗೊವನ್ನು ಮೂಲೆಯಲ್ಲಿ ಚಿಕ್ಕದಾಗಿ ಇಟ್ಟಿದ್ದೇನೆ. ಮುಂದಿನ ರೇಬೀಸ್ ಲಸಿಕೆ ತಾರೀಖು ಬರೆಯುವ ಜಾಗವನ್ನು ದೊಡ್ಡದು ಮಾಡಿದ್ದೇನೆ, ಫ್ರಿಜ್ ಬಾಗಿಲಿಗೆ ಅಂಟಿಸಿದರೂ ಅಡುಗೆಮನೆಯ ಆ ತುದಿಯಿಂದ ಓದಲು ಬರುವಷ್ಟು.