ಅಮ್ಮನ ರಿಪೋರ್ಟಿನಲ್ಲಿ ನಾನು ನೋಡದೇ ಬಿಟ್ಟ ಸಾಲು

ಅಮ್ಮನಿಗೆ 72 ವರ್ಷ. ವರ್ಷಕ್ಕೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸುತ್ತೇವೆ. ಕಳೆದ ಸಲ ರಿಪೋರ್ಟ್ ಕೈಗೆ ಬಂದ ಕೂಡಲೇ ದಪ್ಪ ಅಕ್ಷರದಲ್ಲಿ ಅಚ್ಚಾದ ಅಂಕಿಗಳನ್ನು ಹುಡುಕಿದೆ. ಎರಡು ಸಿಕ್ಕವು. ಎಂಸಿಎಚ್, ಅಂದರೆ ಒಂದೊಂದು ಕೆಂಪು ರಕ್ತಕಣದಲ್ಲಿ ಸರಾಸರಿ ಇರುವ ಹಿಮೋಗ್ಲೋಬಿನ್, ಒಂದು ಕೂದಲೆಳೆಯಷ್ಟು ಕಡಿಮೆ ಇತ್ತು. ಮೂತ್ರದಲ್ಲಿ ಪಸ್ ಸೆಲ್ಸ್, ಅಂದರೆ ಬಿಳಿ ರಕ್ತಕಣಗಳು, 10–12 ಇದ್ದವು. ಸೋಂಕು ಅಂತಲೇ ಅಂದುಕೊಂಡೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರು ರಿಪೋರ್ಟ್ ಬಿಡಿಸುವ ಮೊದಲು ಅಮ್ಮನನ್ನೇ ಕೇಳಿದರು. "ಉರಿ ಇದೆಯಾ ಅಮ್ಮಾ? ಜ್ವರ ಬಂದಿತ್ತಾ? ಪದೇ ಪದೇ ಹೋಗಬೇಕು ಅನ್ನಿಸುತ್ತಾ?" ಯಾವುದೂ ಇರಲಿಲ್ಲ. ಆಮೇಲೆ ಪಸ್ ಸೆಲ್ಸ್ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ಎಪಿಥೀಲಿಯಲ್ ಸೆಲ್ಸ್ 15–20. ಅವು ಹೆಚ್ಚಾಗಿ ಚರ್ಮದ ಮೇಲಿಂದ ಉದುರಿ ಸೇರುವ ಕೋಶಗಳು. ಅಷ್ಟೊಂದು ಇದ್ದರೆ ಸ್ಯಾಂಪಲ್ ಹಿಡಿದ ರೀತಿಯನ್ನೇ ಮೊದಲು ಅನುಮಾನಿಸಬೇಕಂತೆ. ತೊಳೆದುಕೊಂಡು, ಮೊದಲು ಬರುವುದನ್ನು ಬಿಟ್ಟು, ನಡುವಿನದನ್ನು ಡಬ್ಬಿಯಲ್ಲಿ ಹಿಡಿಯಬೇಕು. ಅಮ್ಮನಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಮತ್ತೆ ಕೊಟ್ಟಾಗ ಪಸ್ ಸೆಲ್ಸ್ 2–3ಕ್ಕೆ ಇಳಿದಿತ್ತು. ಎಂಸಿಎಚ್ ಬಗ್ಗೆ ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಹಿಮೋಗ್ಲೋಬಿನ್ 12.6 ಇತ್ತು, ಹಿಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ.

ನಾರ್ಮಲ್ ರೇಂಜ್ ಎಂದರೇನು ಅಂತ ನನಗೆ ಅರ್ಥವಾಗಿದ್ದು ಅವತ್ತೇ. ಆರೋಗ್ಯವಂತರಲ್ಲಿ 100ಕ್ಕೆ 95 ಜನರ ಅಂಕಿ ಬೀಳುವ ಜಾಗ ಅದು. ಉಳಿದ ಐದು ಜನರೂ ಆರೋಗ್ಯವಂತರೇ, ಅಲ್ವಾ? ಹಾಗಾಗಿ ಮೂವತ್ತು ನಲವತ್ತು ಸಾಲಿನ ರಿಪೋರ್ಟಿನಲ್ಲಿ ಒಂದೆರಡು ಗೆರೆ ದಾಟಿದ್ದರೆ ಆಶ್ಚರ್ಯವೇನಿಲ್ಲ.

ಆದರೆ ಗೆರೆಯ ಒಳಗಿದ್ದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲೂ ಅಲ್ಲ. ಕಿಡ್ನಿ ರಕ್ತದಿಂದ ಸೋಸಿ ಹೊರಹಾಕುವ ಕಸ ಕ್ರಿಯಾಟಿನಿನ್; ಅಮ್ಮನದು 1.0 ಇತ್ತು. ರಿಪೋರ್ಟಿನ ಪ್ರಕಾರ 1.1ರವರೆಗೆ ನಾರ್ಮಲ್. ನಾನು ಆ ಸಾಲನ್ನು ನೋಡಿಯೂ ನೋಡದ ಹಾಗೆ ದಾಟಿದ್ದೆ. ಡಾಕ್ಟರು ಹಳೆಯ ರಿಪೋರ್ಟ್ ಕೇಳಿದರು. ಎರಡು ವರ್ಷದ ಹಿಂದೆ 0.7, ಹೋದ ವರ್ಷ 0.8, ಈಗ 1.0. ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ವಯಸ್ಸಾಗಿ ಮೈ ಸಣಕಲಾದವರಲ್ಲಿ ಅದು ಹುಟ್ಟುವುದೇ ಕಡಿಮೆ. ಹಾಗಾಗಿ ಕಿಡ್ನಿ ಸೋಲುತ್ತಿದ್ದರೂ ಅಂಕಿ ಚೆನ್ನಾಗಿಯೇ ಕಾಣಬಹುದು. ಕ್ರಿಯಾಟಿನಿನ್ ಜೊತೆ ವಯಸ್ಸು, ಲಿಂಗ ಸೇರಿಸಿ, ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ಲೆಕ್ಕ ಹಾಕುವ ಇಜಿಎಫ್‌ಆರ್ ನೋಡಿದರೆ ವಿಷಯ ತಿಳಿಯುತ್ತದೆ. ಅಮ್ಮನದು 93ರಿಂದ 79ಕ್ಕೆ, ಅಲ್ಲಿಂದ 60ಕ್ಕೆ ಬಂದಿತ್ತು. 60ಕ್ಕಿಂತ ಕೆಳಗೆ ಮೂರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ಅದನ್ನು ದೀರ್ಘಕಾಲದ ಕಿಡ್ನಿ ಕಾಯಿಲೆ ಎನ್ನುತ್ತಾರೆ.

"ಯಾವ ಯಾವ ಮಾತ್ರೆ ತಗೋತೀರಿ?" ಅಂತ ಕೇಳಿದರು. ಬಿಪಿ ಮಾತ್ರೆ ನನಗೆ ಗೊತ್ತಿತ್ತು. ಮಂಡಿನೋವಿಗೆ ಅಂತ ಅಮ್ಮ ತಾವೇ ತರಿಸಿಕೊಂಡು ದಿನಾ ನುಂಗುತ್ತಿದ್ದ ನೋವಿನ ಮಾತ್ರೆ ಗೊತ್ತಿರಲಿಲ್ಲ. "ನಿನಗೆ ಸುಮ್ನೆ ಯಾಕೆ ಯೋಚನೆ ಅಂತ ಹೇಳಲಿಲ್ಲ" ಅಂದರು. ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಕೆಲವು ಬಿಪಿ ಮಾತ್ರೆಗಳ ಜೊತೆ ಸೇರಿದರೆ, ಪೆಟ್ಟು ಇನ್ನೂ ಜಾಸ್ತಿ. ಡಾಕ್ಟರು ಅದನ್ನು ನಿಲ್ಲಿಸಿ, ಮಂಡಿಗೆ ವ್ಯಾಯಾಮ ಹೇಳಿಕೊಟ್ಟರು. ಮೂರು ತಿಂಗಳ ನಂತರ ಕ್ರಿಯಾಟಿನಿನ್ 0.8, ಇಜಿಎಫ್‌ಆರ್ 78. ನನಗೆ ಕಣ್ಣು ತುಂಬಿ ಬಂತು.

ಈಗ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಂದೊಂದು ಪರೀಕ್ಷೆಗೆ ಒಂದು ಸಾಲು, ಒಂದೊಂದು ವರ್ಷಕ್ಕೆ ಒಂದು ಕಾಲಂ. ಆದಷ್ಟೂ ಒಂದೇ ಲ್ಯಾಬಿನಲ್ಲಿ ಮಾಡಿಸುತ್ತೇನೆ, ಅಂಕಿಯ ಜೊತೆ ಅಳತೆಯನ್ನೂ ಬರೆಯುತ್ತೇನೆ. ಸಕ್ಕರೆ ಕೆಲವು ಕಡೆ ಎಂಜಿ ಲೆಕ್ಕದಲ್ಲಿ, ಕೆಲವು ಕಡೆ ಎಂಮೋಲ್ ಲೆಕ್ಕದಲ್ಲಿ ಬರುತ್ತದೆ; 108 ಮತ್ತು 6 ಎರಡೂ ಒಂದೇ ಸಕ್ಕರೆ. ಕೊನೆಯ ಪುಟದಲ್ಲಿ ಅಮ್ಮ ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ಇದೆ. ಅದನ್ನು ಅಮ್ಮನ ಪಕ್ಕದಲ್ಲಿ ಕೂತು, ಅವರನ್ನೇ ಕೇಳಿ ಬರೆದಿದ್ದೇನೆ.

ಮುಂದಿನ ಸಲ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಎಷ್ಟು ಸೋರುತ್ತಿದೆ ಅಂತಲೂ ನೋಡಬೇಕಂತೆ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಒಳಗಿರಬೇಕು. ಆ ಸಾಲಿಗೂ ಜಾಗ ಬಿಟ್ಟಿದ್ದೇನೆ.