ಹಳೇ ವಿಮಾನಗಳ ಕಾರ್ಡು ಬರೆಯುವುದು: ನನ್ನ ಅನುಭವ

ಶಿವಮೊಗ್ಗದಲ್ಲಿ ಕೂತು ವಿಮಾನಗಳ ಕ್ಯಾಟಲಾಗ್ ಮಾಡುತ್ತೇನೆ ಅಂದರೆ ಜನ ಸೋಗಾನೆ ಏರ್‌ಪೋರ್ಟಿನ ಮಾತು ತೆಗೆಯುತ್ತಾರೆ. ಅದು ಶುರುವಾಗಿದ್ದು 2023ರಲ್ಲಿ. ನಾನು ಹಿಡಿದಿರುವುದು 1940ರಿಂದ ಈಚೆಗೆ ಬೆಂಗಳೂರಿನಲ್ಲಿ ತಯಾರಾದ ವಿಮಾನಗಳನ್ನು. ಫೋಟೋ, ಪತ್ರಿಕೆಯ ತುಣುಕು, ಕೈಪಿಡಿ, ಒಂದೊಂದಕ್ಕೂ ಒಂದು ಕಾರ್ಡು. ಸಂಶೋಧಕರು ಕೇಳಿದ ಕೂಡಲೇ ಸಿಗಬೇಕು.

ತಲೆನೋವೆಲ್ಲ 'ತಯಾರಕರು' ಅನ್ನುವ ಕಾಲಮ್ಮಿನಲ್ಲಿ. ಗ್ನ್ಯಾಟ್ ಅನ್ನುವ ಪುಟ್ಟ ಯುದ್ಧವಿಮಾನವನ್ನೇ ನೋಡಿ. ಡಿಸೈನ್ ಇಂಗ್ಲೆಂಡಿನ ಫಾಲೆಂಡ್ ಕಂಪನಿಯ ಎಂಜಿನಿಯರ್ ಪೆಟರ್ ಅವರದು. ಆ ಕಂಪನಿಯನ್ನು 1959ರಲ್ಲಿ ಹಾಕರ್ ಸಿಡ್ಲಿ ಕೊಂಡಿತು. ಲೈಸೆನ್ಸ್ ಪಡೆದು ಬೆಂಗಳೂರಲ್ಲಿ ಕಟ್ಟಿದ್ದು ಹಿಂದೂಸ್ತಾನ್ ಏರ್‌ಕ್ರಾಫ್ಟ್. ಅದೂ 1964ರ ಅಕ್ಟೋಬರ್ 1ರಂದು ಇನ್ನೊಂದು ಕಂಪನಿ ಜೊತೆ ಸೇರಿ ಹಿಂದೂಸ್ತಾನ್ ಏರೋನಾಟಿಕ್ಸ್ ಆಯಿತು. ಆಮೇಲೆ ಅದೇ ಗ್ನ್ಯಾಟನ್ನು ಸುಧಾರಿಸಿ ಅಜೀತ್ ಮಾಡಿದರು. ಒಂದೇ ಹೆಸರು ಬರೆಯಿರಿ ಅಂದರೆ ಯಾರದನ್ನು ಬರೆಯುವುದು?

ಹಾಗಾಗಿ ಡಿಸೈನ್ ಮಾಡಿದವರಿಗೊಂದು, ಕಟ್ಟಿದವರಿಗೊಂದು ಕಾಲಮ್ ಇಟ್ಟೆ. ಕಂಪನಿಗಳಿಗೂ ಬೇರೆ ಕಾರ್ಡು ಮಾಡಿದೆ. ಯಾವ ವರ್ಷ ಯಾವ ಹೆಸರು, ಯಾರ ಜೊತೆ ಸೇರಿತು, ಎಲ್ಲ ಅಲ್ಲಿರುತ್ತದೆ. ವಿಮಾನದ ಕಾರ್ಡಿನಲ್ಲಿ ಮಾತ್ರ ಕಟ್ಟಿದ ದಿನದ ಹೆಸರೇ ಇರಬೇಕು. ಎಂಜಿನಿಯರ್ ಘಾಟಗೆಯವರ ತಂಡದ ತರಬೇತಿ ವಿಮಾನ ಎಚ್‌ಟಿ-2 ಹಾರಿದ್ದು 1951ರ ಆಗಸ್ಟಿನಲ್ಲಿ. ಅದಕ್ಕೆ ಏರೋನಾಟಿಕ್ಸ್ ಅಂತ ಬರೆದರೆ ಸುಳ್ಳಾಗುತ್ತದೆ, ಅಲ್ವಾ? ಎಚ್‌ಎಎಲ್ ಅಂತ ಚುಟುಕಾಗಿ ಬರೆಯುವುದನ್ನೂ ಬಿಟ್ಟೆ. ಎರಡೂ ಕಂಪನಿಗೆ ಅದೇ ಅಕ್ಷರಗಳು. ಜರ್ಮನಿಯ ಕುರ್ಟ್ ಟ್ಯಾಂಕ್ ಡಿಸೈನಿನ ಯುದ್ಧವಿಮಾನ ಮಾರುತ್ 1961ರ ಜೂನ್ 17ರಂದು ಹಳೇ ಹೆಸರಿನಡಿ ಹಾರಿತು. ಆಮೇಲಿನ ಮಾರುತ್‌ಗಳು ಹೊಸ ಹೆಸರಿನಡಿ ಬಂದವು.

1941ರ ಹಾರ್ಲೋ ಇನ್ನೊಂದು ಥರ. ಅಮೆರಿಕದ ವಿಮಾನ, ಇಲ್ಲಿ ಜೋಡಿಸಿದ್ದು. ಅದಕ್ಕೆ 'ಜೋಡಣೆ' ಅಂತಲೇ ಬರೆದೆ. ಮಹಾಯುದ್ಧ ಮುಗಿದ ಮೇಲೆ ಕಾನ್ಪುರದಲ್ಲಿ ಬಿಟ್ಟುಹೋದ ಅಮೆರಿಕದ ಬಾಂಬರ್ ವಿಮಾನ ಲಿಬರೇಟರ್‌ಗಳನ್ನು ಬೆಂಗಳೂರಿನ ಕಾರ್ಖಾನೆಯವರು ಮತ್ತೆ ಹಾರುವ ಹಾಗೆ ಮಾಡಿದರು. ಅವಕ್ಕೆ 'ದುರಸ್ತಿ'. ನನಗಂತೂ ಇದು ಕಟ್ಟಿದ್ದಕ್ಕಿಂತ ಕಮ್ಮಿ ಕೆಲಸ ಅನ್ನಿಸುವುದಿಲ್ಲ.

ಬಾಲದ ಮೇಲಿನ ನಂಬರು ವಾಯುಪಡೆಯದು, ಕಾರ್ಖಾನೆಯ ನಂಬರು ಬೇರೆ. ಎರಡೂ ಬೇಕು. ಬಣ್ಣ ಬಳಿದರೆ ಮೊದಲನೆಯದು ಬದಲಾಗಬಹುದು.

ಇನ್ನು ನಮ್ಮ ಮಲೆನಾಡಿನ ಥಂಡಿ. ಜೂನ್‌ನಿಂದ ಫೋಟೋಗಳು ಒಂದಕ್ಕೊಂದು ಅಂಟಿ ಬೂಷ್ಟು ಹಿಡಿಯುತ್ತವೆ. ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಟ್ಟು, ಮಳೆಗಾಲದಲ್ಲಿ ಬರೀ ಟೈಪಿಂಗ್ ಮಾಡುತ್ತೇನೆ. ಮೂಲ ಫೋಟೋಗಳನ್ನು ಡಬ್ಬಿಯಿಂದ ಹೊರಗೆ ತೆಗೆಯುವುದು ಡಿಸೆಂಬರ್ ಆದ ಮೇಲೆ. ಹಿಂಬದಿಯಲ್ಲಿ ಮೆತ್ತನೆ ಪೆನ್ಸಿಲ್ಲಿನಲ್ಲೇ ಬರೆಯಬೇಕು. ಬಾಲ್‌ಪೆನ್ ಒತ್ತಿದರೆ ಮುಂದೆ ಗೀರು ಏಳುತ್ತದೆ.

ನಿಮ್ಮ ಮನೆಯಲ್ಲಿ ಬೆಂಗಳೂರಿನ ಆ ವಿಮಾನ ಕಾರ್ಖಾನೆಯಲ್ಲಿ ದುಡಿದ ಅಜ್ಜನ ಫೋಟೋ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿಡಿ. ತಾರೀಕು, ವಿಭಾಗದ ಹೆಸರು ಸಿಗುವುದು ಜಾಸ್ತಿ ಅಲ್ಲೇ.