ಗದ್ದಲ ಹುಟ್ಟುವುದು ಸೆಟ್ಟಿನ ಒಳಗೋ, ಹೊರಗೋ? ಹ್ಯಾಮ್ ರಿಸೀವರ್ ಓವರ್‌ಲೋಡ್ ಪತ್ತೆ ಮತ್ತು ಪರಿಹಾರ

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹ್ಯಾಮ್‌ಗಳ (ಹವ್ಯಾಸಿ ರೇಡಿಯೊದವರ) ಮನೆಗಳು ಹೆಚ್ಚಾಗಿ ಬೈಲಿನಲ್ಲಿರುತ್ತವೆ, ಸುತ್ತಲೂ ಗುಡ್ಡೆ. ಸಿಗ್ನಲ್ ಸಾಲದು ಅನ್ನಿಸಿದಾಗ ಆಂಟೆನಾ ಮೇಲಕ್ಕೆ ಹೋಗುತ್ತದೆ, ಪ್ರಿಆಂಪ್ (ಸಿಗ್ನಲನ್ನು ಹಿಗ್ಗಿಸುವ ಭಾಗ) ಆನ್ ಆಗುತ್ತದೆ. ಆಮೇಲೆ ಬ್ಯಾಂಡ್ ತುಂಬ ಗದ್ದಲ, ದುರ್ಬಲ ಸ್ಟೇಷನ್‌ಗಳು ಮೊದಲಿಗಿಂತ ಕಡಿಮೆ ಕೇಳುತ್ತವೆ. ಇಂಥ ಹೊತ್ತಿನಲ್ಲಿ ಫಿಲ್ಟರ್ ಕೊಳ್ಳುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಗದ್ದಲ ಆಂಟೆನಾದಿಂದ ಬರುತ್ತಿದೆಯೋ, ಬಲವಾದ ಸಿಗ್ನಲ್ ತಾಳಲಾರದೆ, ಅಂದರೆ ಓವರ್‌ಲೋಡ್ ಆಗಿ, ರಿಸೀವರ್ ತಾನೇ ಹುಟ್ಟಿಸುತ್ತಿದೆಯೋ? ಎರಡರ ಮದ್ದು ಬೇರೆ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿದರೆ ಹಣ ಹೋಗುತ್ತದೆ, ಗದ್ದಲ ಉಳಿಯುತ್ತದೆ.

ಅಟೆನ್ಯುಯೇಟರ್ ಪರೀಕ್ಷೆ

ಅಟೆನ್ಯುಯೇಟರ್ ಎಂದರೆ ಒಳಬರುವ ಸಿಗ್ನಲನ್ನು ಅಳತೆಯಂತೆ ತಗ್ಗಿಸುವ ಭಾಗ. ಸೆಟ್ಟಿನಲ್ಲಿ ಅದರ ಎಟಿಟಿ ಬಟನ್ ಇದ್ದರೆ ಅದೇ ಸಾಕು. ಇಲ್ಲದಿದ್ದರೆ ಮೂರು ರೆಸಿಸ್ಟರ್‌ಗಳಲ್ಲಿ 10 ಡಿಬಿ (ಡೆಸಿಬಲ್) ಅಟೆನ್ಯುಯೇಟರ್ ಕಟ್ಟಿಕೊಳ್ಳಿ: ಆಂಟೆನಾದಿಂದ ಸೆಟ್ಟಿಗೆ ಸೀರೀಸ್‌ನಲ್ಲಿ 68 ಓಮ್, ಅದರ ಎರಡೂ ತುದಿಗಳಿಂದ ಗ್ರೌಂಡಿಗೆ ತಲಾ 100 ಓಮ್. ಕಾಲು ವ್ಯಾಟಿನ ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್ ಇರಲಿ, ಕಾಲುಗಳು ಗಿಡ್ಡವಾಗಿರಲಿ. ವಯರ್‌ವೌಂಡ್ ಬೇಡ. ಇದರ ಮೂಲಕ ಟ್ರಾನ್ಸ್‌ಮಿಟ್ ಮಾಡಿದರೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ, ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ಮೈಕ್ ಕಳಚಿಡಿ.

ಈಗ ಗದ್ದಲದ ಮೇಲೆ ಟ್ಯೂನ್ ಮಾಡಿ ಅಟೆನ್ಯುಯೇಟರ್ ಹಾಕಿ ನೋಡಿ. ಹೊರಗಿನಿಂದ ಬರುವ ಸದ್ದು ಸರಿಯಾಗಿ 10 ಡಿಬಿ ಇಳಿಯುತ್ತದೆ. ರಿಸೀವರ್ ಒಳಗೆ ಎರಡು ಬಲವಾದ ಸಿಗ್ನಲ್‌ಗಳು ಬೆರೆತು ಹುಟ್ಟುವ ಸದ್ದು 30 ಡಿಬಿ ಇಳಿಯುತ್ತದೆ, ಅಂದರೆ ಹೆಚ್ಚುಕಡಿಮೆ ಮಾಯವೇ ಆಗುತ್ತದೆ. ಈ ಮೂರನೇ ದರ್ಜೆಯ ಮಿಶ್ರಣ ಒಳಬರುವ ಪ್ರತಿ 1 ಡಿಬಿಗೆ 3 ಡಿಬಿ ಏರಿಳಿಯುತ್ತದೆ, ಅದೇ ಇಲ್ಲಿ ನಮಗೆ ಸಿಗುವ ಸುಳಿವು. ಇನ್ನೂ ಸ್ಪಷ್ಟ ಗುರುತು ಬೇಕಿದ್ದರೆ ಒಂದು ದುರ್ಬಲ ಸ್ಟೇಷನ್ ಹಿಡಿಯಿರಿ. ಅಟೆನ್ಯುಯೇಟರ್ ಹಾಕಿದ ಮೇಲೆ ಅದು ಮೊದಲಿಗಿಂತ ಚೆನ್ನಾಗಿ ಕೇಳಿದರೆ ಓವರ್‌ಲೋಡ್ ಖಂಡಿತ. ಸಿಗ್ನಲ್ ಬಲ ತೋರಿಸುವ ಎಸ್-ಮೀಟರನ್ನು ಪೂರ್ತಿ ನಂಬಬೇಡಿ. ಒಂದು ಎಸ್ ಯೂನಿಟ್ ಎಂದರೆ 6 ಡಿಬಿ ಎಂಬುದು ಲೆಕ್ಕಕ್ಕೆ ಸರಿ, ಆದರೆ ಅನೇಕ ಸೆಟ್‌ಗಳಲ್ಲಿ ಕೆಳಗಿನ ಅಂಕಿಗಳ ನಡುವಿನ ಅಂತರ ಅದರ ಅರ್ಧವೂ ಇರುವುದಿಲ್ಲ.

40 ಮೀಟರ್ ಸಂಜೆ

ನಮ್ಮ 40 ಮೀಟರ್ ಬ್ಯಾಂಡ್ 7.000ದಿಂದ 7.200 ಮೆಗಾಹರ್ಟ್ಸ್. ಅದಕ್ಕೆ ಅಂಟಿಕೊಂಡೇ 7.450ರವರೆಗೆ ಅಂತರರಾಷ್ಟ್ರೀಯ ಪ್ರಸಾರ ಕೇಂದ್ರಗಳಿವೆ, ಹೊತ್ತು ಕಂತಿದ ಮೇಲೆ ಅವುಗಳ ಬಲ ವಿಪರೀತ. 7.210 ಮತ್ತು 7.290ರಲ್ಲಿ ಎರಡು ದೊಡ್ಡ ಕೇಂದ್ರಗಳಿದ್ದರೆ, ಮೊದಲನೆಯದರ ಇಮ್ಮಡಿಯಿಂದ ಎರಡನೆಯದನ್ನು ಕಳೆದ 7.130ರಲ್ಲಿ ಅವೆರಡರ ಮಾತು-ಸಂಗೀತ ಕಲಸಿ ಬರುತ್ತದೆ. ಗಾಳಿಯಲ್ಲಿ ಅಲ್ಲಿ ಯಾರೂ ಇರುವುದಿಲ್ಲ.

ಮೊದಲ ಕೆಲಸ, ಪ್ರಿಆಂಪ್ ಆಫ್. ಯಾಯೆಸು ಕಂಪನಿಯ ಸೆಟ್‌ಗಳಲ್ಲಿ ಇದಕ್ಕೆ ಐಪಿಒ ಎಂದು ಹೆಸರಿದೆ. 7 ಮೆಗಾಹರ್ಟ್ಸ್‌ನಲ್ಲಿ ವಾತಾವರಣದ ಗದ್ದಲವೇ ರಿಸೀವರಿನ ಒಳಗದ್ದಲಕ್ಕಿಂತ ಎಷ್ಟೋ ಹೆಚ್ಚು, ಪ್ರಿಆಂಪ್ ಸಿಗ್ನಲನ್ನೂ ಆ ಗದ್ದಲವನ್ನೂ ಒಟ್ಟಿಗೆ ಎತ್ತುತ್ತದೆ. ಸರಳ ತಾಳೆ ಹೀಗೆ: ಆಂಟೆನಾ ಕಳಚಿದಾಗ ಗದ್ದಲ ಸ್ಪಷ್ಟವಾಗಿ ಇಳಿದರೆ ಸೆಟ್ಟಿನ ಸಂವೇದನೆ ಸಾಕಷ್ಟಿದೆ. ಇಳಿಯುವಿಕೆ ತುಂಬ ದೊಡ್ಡದಾಗಿದ್ದರೆ 10 ಡಿಬಿ ಅಟೆನ್ಯುಯೇಟರ್ ಸದಾ ಹಾಕಿಟ್ಟರೂ ಏನೂ ನಷ್ಟವಿಲ್ಲ.

ಎರಡನೆಯದು ನಾಯ್ಸ್ ಬ್ಲ್ಯಾಂಕರ್, ಅಂದರೆ ಟಿಕ್ ಟಿಕ್ ಗದ್ದಲವನ್ನು ಕತ್ತರಿಸುವ ಸೌಲಭ್ಯ. ಇದನ್ನು ಯಾರೂ ಸಂಶಯಿಸುವುದಿಲ್ಲ, ಆದರೆ ಪಕ್ಕದಲ್ಲಿ ಬಲವಾದ ಸಿಗ್ನಲ್ ಇರುವಾಗ ಬ್ಲ್ಯಾಂಕರ್ ಅದನ್ನೇ ಗದ್ದಲವೆಂದು ತಿಳಿದು ಕತ್ತರಿಸಲು ಹೋಗಿ ಬ್ಯಾಂಡ್ ತುಂಬ ಚೂರು ಹರಡುತ್ತದೆ. ಪಕ್ಕದ ಊರಿನ ಹ್ಯಾಮ್ "ಸ್ಪ್ಲಾಟರ್" ಮಾಡುತ್ತಿದ್ದಾರೆಂದು (ಸಿಗ್ನಲನ್ನು ಅಕ್ಕಪಕ್ಕಕ್ಕೆ ಚೆಲ್ಲುತ್ತಿದ್ದಾರೆಂದು) ದೂರುವ ಮೊದಲು ಬ್ಲ್ಯಾಂಕರ್ ಆಫ್ ಮಾಡಿ ಕೇಳಿ. ಐಕಾಮ್ ಐಸಿ-7300ರಂಥ ನೇರ ಸ್ಯಾಂಪ್ಲಿಂಗ್ ಸೆಟ್‌ಗಳಲ್ಲಿ ಪರದೆಯ ಮೇಲೆ ಒವಿಎಫ್ ಎಂದು ಬಂದರೆ ಎಡಿಸಿ (ಸಿಗ್ನಲನ್ನು ಅಂಕಿಗಳಾಗಿಸುವ ಭಾಗ) ತುಂಬಿ ಚೆಲ್ಲುತ್ತಿದೆ ಎಂದರ್ಥ. ಆ ಅಕ್ಷರ ಹೋಗುವವರೆಗೆ ಆರ್‌ಎಫ್ ಗೇನ್ ಇಳಿಸಿ, ಇಲ್ಲವೇ ಅಟೆನ್ಯುಯೇಟರ್ ಹಾಕಿ.

ಎಸ್‌ಎ612 ಐಸಿಯ ಮೇಲೆ ಕಟ್ಟಿದ ಕಿಟ್ ರಿಸೀವರ್‌ಗಳಿಗೆ ಸಂಜೆ ತೀರಾ ಕಷ್ಟ. ಡಯಲ್ ಎಲ್ಲಿ ತಿರುಗಿಸಿದರೂ ಒಂದೇ ಪ್ರಸಾರ ಹಿನ್ನೆಲೆಯಲ್ಲಿ ಕೇಳುತ್ತದೆ. ಆಂಟೆನಾ ಇನ್‌ಪುಟ್ಟಿನಲ್ಲಿ 1 ಕಿಲೊಓಮ್ ಪಾಟ್ (ತಿರುಗಿಸಿ ಬದಲಿಸುವ ರೆಸಿಸ್ಟರ್) ಹಾಕಿ ಸಿಗ್ನಲ್ ಇಳಿಸುವುದು ಅದಕ್ಕೆ ಅಗ್ಗದ, ಖಚಿತವಾದ ಮದ್ದು.

ಮೀಡಿಯಂ ವೇವ್ ಕೇಂದ್ರದ ಹತ್ತಿರವಿರುವವರಿಗೆ, ಮುಂಭಾಗದಲ್ಲಿ ಫಿಲ್ಟರ್ ಇಲ್ಲದ ಎಸ್‌ಡಿಆರ್ (ಸಾಫ್ಟ್‌ವೇರ್ ರೇಡಿಯೊ) ಬಳಸುವವರಿಗೆ ಒಂದು ಹೈ-ಪಾಸ್ ಫಿಲ್ಟರ್ (ಮೇಲಿನ ಆವರ್ತನಗಳನ್ನು ಮಾತ್ರ ಒಳಬಿಡುವುದು) ಬೇಕಾಗಬಹುದು. ಸಾಲಾಗಿ 2200 ಪಿಕೊಫ್ಯಾರಡ್, 680 ಪಿಕೊಫ್ಯಾರಡ್, 2200 ಪಿಕೊಫ್ಯಾರಡ್; ಅವುಗಳ ನಡುವಿನ ಎರಡು ಗಂಟುಗಳಿಂದ ಗ್ರೌಂಡಿಗೆ ಟಿ50-2 ಟೊರಾಯ್ಡ್ (ಬಳೆಯಾಕಾರದ ಕೋರ್) ಮೇಲೆ 20 ಸುತ್ತಿನ ಒಂದೊಂದು ಕಾಯಿಲ್. ಇದು 1.1 ಮೆಗಾಹರ್ಟ್ಸ್ ಸುತ್ತಿನ ಸಿಗ್ನಲನ್ನು 30 ಡಿಬಿಗಿಂತ ಹೆಚ್ಚು ತಗ್ಗಿಸುತ್ತದೆ, 7ಕ್ಕೆ ತೊಂದರೆಯಿಲ್ಲ. ರಿಸೀವಿಂಗಿಗೆ ಮಾತ್ರ.

2 ಮೀಟರಿನಲ್ಲಿ ಕಿವುಡಾಗುವ ಹ್ಯಾಂಡಿ

ಮಂಜೇಶ್ವರ, ಕುಂಬಳೆ ಕಡೆಯ ಎತ್ತರದ ಜಾಗಗಳಲ್ಲಿ, ಪೊಸಡಿ ಗುಂಪೆಯಂಥ ಗುಡ್ಡೆಯ ತಲೆಯಲ್ಲಿ, ಅಗ್ಗದ ಹ್ಯಾಂಡಿಗೆ (ಕೈಯಲ್ಲಿ ಹಿಡಿಯುವ ಸೆಟ್ಟಿಗೆ) ದೊಡ್ಡ ಆಂಟೆನಾ ಕೊಟ್ಟರೆ ರಿಪೀಟರ್ (ಮರುಪ್ರಸಾರ ಕೇಂದ್ರ) ಕೇಳುವುದೇ ನಿಲ್ಲಬಹುದು. ಸೆಟ್ಟಿನದೇ ರಬ್ಬರ್ ಆಂಟೆನಾ ಹಾಕಿದರೆ ಮತ್ತೆ ಕೇಳುತ್ತದೆ. ಸೆಟ್ಟಿನ ಮುಂಭಾಗದಲ್ಲಿ ಗಟ್ಟಿ ಫಿಲ್ಟರ್ ಇಲ್ಲ, ಎದುರಿಗೆ ಮಂಗಳೂರಿನ ಎಫ್‌ಎಂ ಕೇಂದ್ರಗಳು ಅಡ್ಡಿಯಿಲ್ಲದೆ ಕಾಣುತ್ತಿವೆ. ಆಕಾಶವಾಣಿಯದ್ದು 100.3 ಮೆಗಾಹರ್ಟ್ಸ್.

ಇದಕ್ಕೆ ಒಂದು ತುಂಡು ಆರ್‌ಜಿ-58 ಕೋಆಕ್ಸ್ ಕೇಬಲ್ ಸಾಕು. ಆಂಟೆನಾ ಲೈನಿನಲ್ಲಿ ಟಿ ಕನೆಕ್ಟರ್ ಇಟ್ಟು, ಅದೇ ಬಿಂದುವಿನಿಂದ 49.4 ಸೆಂ.ಮೀ. ಮತ್ತು 18.9 ಸೆಂ.ಮೀ. ಉದ್ದದ ಎರಡು ಸ್ಟಬ್‌ಗಳನ್ನು (ಕವಲು ಕೇಬಲ್ ತುಂಡುಗಳನ್ನು) ಹೊರಡಿಸಿ. ಎರಡರ ಕೊನೆಯೂ ತೆರೆದಿರಬೇಕು, ಜಡೆ ನಡುತಂತಿಗೆ ತಾಗಬಾರದು. ಉದ್ದನೆಯದು 100.3ರಲ್ಲಿ ಕಾಲು ತರಂಗ, ಆ ಸಿಗ್ನಲನ್ನು ಟಿಯಲ್ಲೇ ಶಾರ್ಟ್ ಮಾಡುತ್ತದೆ. ಅದೊಂದನ್ನೇ ಹಾಕಿದರೆ 2 ಮೀಟರ್ ಬ್ಯಾಂಡಿನ 145ರಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಹೊಂದಾಣಿಕೆಯ ಅಳತೆ) ಕೆಡುತ್ತದೆ. ಗಿಡ್ಡನೆಯದು ಅದನ್ನು ಸರಿಪಡಿಸಲಿಕ್ಕೆ. ಎರಡೂ ಕೂಡಿ 68.3 ಸೆಂ.ಮೀ., 145 ಮೆಗಾಹರ್ಟ್ಸ್‌ಗೆ ಸರಿಯಾಗಿ ಅರ್ಧ ತರಂಗ, ಹಾಗಾಗಿ ಅಲ್ಲಿ ಸ್ಟಬ್ ಇದ್ದೂ ಇಲ್ಲದಂತೆ. ಮೂರು ಪಟ್ಟಿನ 435ರಲ್ಲಿಯೂ ಲೆಕ್ಕ ಹೊಂದುತ್ತದೆ. ಈ ಅಳತೆ ಗಟ್ಟಿ ಪಾಲಿಥೀನ್ ಕೇಬಲಿನದ್ದು (ವೇಗಾಂಶ 0.66), ಫೋಮ್ ಕೇಬಲ್‌ಗೆ ಹೊಂದದು.

ಅಳತೆ ಟಿಯ ನಡುವಿನಿಂದ ಹಿಡಿಯಿರಿ. ಒಂದು ಸೆಂ.ಮೀ. ಹೆಚ್ಚು ಬಿಟ್ಟು ಕತ್ತರಿಸಿ, ನ್ಯಾನೊವಿಎನ್‌ಎ (ಆಂಟೆನಾ, ಕೇಬಲ್ ಅಳೆಯುವ ಪುಟ್ಟ ಉಪಕರಣ) ಇಟ್ಟುಕೊಂಡು ಮೊದಲು ಉದ್ದನೆಯದನ್ನು ಅದರ ಗೆರೆಯಲ್ಲಿ 100.3ಕ್ಕೆ ತಗ್ಗು ಬೀಳುವವರೆಗೆ, ಆಮೇಲೆ ಗಿಡ್ಡನೆಯದನ್ನು 145ರಲ್ಲಿ ಎಸ್‌ಡಬ್ಲ್ಯುಆರ್ ಸರಿಯಾಗುವವರೆಗೆ 2-3 ಮಿ.ಮೀ. ತೆಗೆಯುತ್ತ ಬನ್ನಿ. 100.3ರಲ್ಲಿ 25-30 ಡಿಬಿ ಇಳಿಕೆ ಸಿಗಬೇಕು, ಅಕ್ಕಪಕ್ಕದ ಎಫ್‌ಎಂ ಕೇಂದ್ರಗಳೂ ಕುಗ್ಗುತ್ತವೆ. ಮೇಲಿನ ಅಟೆನ್ಯುಯೇಟರಿನ ಹಾಗಲ್ಲ, ಇದರ ಮೂಲಕ ಟ್ರಾನ್ಸ್‌ಮಿಟ್ ಮಾಡಬಹುದು.

ಗದ್ದಲ ಹೊರಗಿನದೇ ಆದರೆ

ಸೆಟ್ಟನ್ನು 12 ವೋಲ್ಟ್ ಬ್ಯಾಟರಿಗೆ ಹಾಕಿ ಮನೆಯ ಮೇನ್ ಸ್ವಿಚ್ ಇಳಿಸಿ. ಇನ್ವರ್ಟರನ್ನೂ ಪೂರ್ತಿ ಆಫ್ ಮಾಡಬೇಕು, ಕರೆಂಟು ಹೋದಾಗಲೇ ಅದರ ಗದ್ದಲ ಜೋರು. ಸೌರ ಫಲಕ ಇದ್ದರೆ ಅದರ ಕಡೆಯ ಸ್ವಿಚ್ ಕೂಡ. ಸದ್ದು ನಿಂತರೆ ಎಂಸಿಬಿ ಒಂದೊಂದೇ ಏರಿಸುತ್ತ ಬನ್ನಿ. ಹೆಚ್ಚಾಗಿ ಸಿಗುವುದು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ರೂಟರಿನ ಅಡಾಪ್ಟರ್.

ಅಡಾಪ್ಟರ್ ವಯರಿಗೆ ಒಂದು ಫೆರೈಟ್ ಕ್ಲಿಪ್ ಹಾಕಿದರೆ 7 ಮೆಗಾಹರ್ಟ್ಸ್‌ನಲ್ಲಿ ಏನೂ ಆಗುವುದಿಲ್ಲ. ವಯರನ್ನು ಅದರೊಳಗೆ ಹಲವು ಸಲ ಸುತ್ತಬೇಕು. ಪ್ರಭಾವ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, 3 ಸುತ್ತಿಗೆ 9 ಪಟ್ಟು. ಕೋಆಕ್ಸ್‌ನ ಹೊರಮೈಯಲ್ಲಿ ಹರಿದು ಬರುವ ಗದ್ದಲಕ್ಕೆ ಎಫ್‌ಟಿ240-31 ಫೆರೈಟ್ ರಿಂಗಿನ ಮೇಲೆ ಆರ್‌ಜಿ-58ರ 12 ಸುತ್ತು ಹಾಕಿದ ಚೋಕ್ ಬೇಕು: ಒಂದು ಆಂಟೆನಾ ನಡುವಿನಲ್ಲಿ, ಇನ್ನೊಂದು ಕೇಬಲ್ ಮನೆಯೊಳಗೆ ಬರುವಲ್ಲಿ. ಹೊಸದಾಗಿ ಅರ್ತ್ ಗೂಟ ಹೊಡೆಯುವುದರಿಂದ ಈ ಗದ್ದಲ ಹೋಗುತ್ತದೆಂದು ಆಶಿಸಬೇಡಿ, ನಮ್ಮ ಮುರಕಲ್ಲಿನ ನೆಲದಲ್ಲಿ ಬೇಸಗೆಗೆ ಅರ್ತ್ ಮೊದಲೇ ದುರ್ಬಲ. ಹೊಡೆದರೂ ಅದನ್ನು ಮನೆಯ ಅರ್ತಿಗೆ ದಪ್ಪ ತಂತಿಯಿಂದ ಜೋಡಿಸಲೇಬೇಕು. ಬೇರೆ ಬಿಟ್ಟರೆ ಮಿಂಚಿನ ಹೊತ್ತಿಗೆ ಎರಡು ಅರ್ತ್‌ಗಳ ನಡುವಿನ ವೋಲ್ಟೇಜ್ ಸೆಟ್ಟಿನ ಮೂಲಕವೇ ದಾರಿ ಹುಡುಕುತ್ತದೆ.

ಸುಮಾರು ಸೆಕೆಂಡಿಗೊಂದರಂತೆ ಟಿಕ್ ಟಿಕ್ ಎಂದರೆ ಸೌರ ಬೇಲಿ. ದೇಲಂಪಾಡಿ, ಕಾರಡ್ಕದ ಕಾಡಂಚಿನ ತೋಟಗಳಲ್ಲಿ ಆನೆ, ಹಂದಿಗೆಂದು ಹಾಕಿದ ಬೇಲಿಯಲ್ಲಿ ಬಳ್ಳಿ ತಾಗಿದಲ್ಲಿ, ತಂತಿಯ ಗಂಟು ಸಡಿಲಾದಲ್ಲಿ ಕಿಡಿ ಹಾರುತ್ತದೆ. ತೋಟದವರಿಗೆ ಹೇಳುವಾಗ ಇದನ್ನೂ ಹೇಳಿ: ಕಿಡಿ ಹಾರುವ ಬೇಲಿಯಲ್ಲಿ ಶಾಕ್ ಕಡಿಮೆ, ಸರಿಮಾಡಿದರೆ ಅವರಿಗೇ ಲಾಭ.

ಒರಟಾದ ಗರಗರ ಸದ್ದು ಒಣಹವೆಯಲ್ಲಿ ಇದ್ದು ಮಳೆ ಬಂದಾಗ ನಿಂತರೆ 11 ಕೆವಿ ಲೈನಿನ ಕಿಡಿ. ಸಡಿಲಾದ ಕಟ್ಟುತಂತಿ ಇದಕ್ಕೆ ಕಾರಣವಾಗುತ್ತದೆ. ಮೀಡಿಯಂ ವೇವ್ ರೇಡಿಯೊ ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ, ಆ ತರಂಗಾಂತರದಲ್ಲಿ ಗದ್ದಲ ತಂತಿಗುಂಟ ಬಹಳ ದೂರ ಹರಿಯುತ್ತದೆ. ವಿಮಾನ ಬ್ಯಾಂಡಿನ ಎಎಂ ಹಿಡಿಯುವ ರಿಸೀವರ್, ಮೂರು ಕಡ್ಡಿಯ ಯಾಗಿ ತೆಗೆದುಕೊಂಡು ನಡೆಯಿರಿ. 130 ಮೆಗಾಹರ್ಟ್ಸ್ ಸುತ್ತ ಅದು ಕೇಳಿತೆಂದರೆ ಕಂಬ ಹತ್ತಿರದಲ್ಲಿದೆ. ಕಂಬವನ್ನು, ಸ್ಟೇ ವಯರನ್ನು ಅಲುಗಿಸಿ ನೋಡುವುದು ಖಂಡಿತ ಬೇಡ. ಕಂಬದ ಮೇಲೆ ಪೇಂಟಿನಲ್ಲಿ ಬರೆದ ನಂಬರ್, ಸದ್ದು ಕೇಳುವ ಹೊತ್ತು, ಮಳೆಗೆ ನಿಲ್ಲುತ್ತದೆಂಬ ವಿವರ ಬರೆದು ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಕೊಡಿ, 1912ಕ್ಕೂ ದೂರು ದಾಖಲಿಸಿ. "ರೇಡಿಯೊ ಕೇಳುವುದಿಲ್ಲ" ಎನ್ನುವುದಕ್ಕಿಂತ "ಈ ನಂಬರಿನ ಕಂಬದಲ್ಲಿ ಕಿಡಿ ಹಾರುತ್ತಿದೆ" ಎಂದರೆ ಲೈನ್‌ಮ್ಯಾನ್ ಬೇಗ ಬರುತ್ತಾರೆ.